‘ಏನೂ ಮಾಡಲ್ಲ’ ಎಂದರೆ ಸಾಕೇ?

ನಾಯಿ ಸಾಕಿದವರೆಲ್ಲರಿಗೂ ಬಾಯಿಪಾಠವಾಗಿರುವ ಒಂದು ಮಾತಿದೆ: ‘ಹೆದರ್ಬೇಡಿ ಮೇಡಂ, ಏನೂ ಮಾಡಲ್ಲ.’ ಬೆಂಗಳೂರಿನ ನಮ್ಮ ವಸತಿ ಸಮುಚ್ಚಯದ ಲಿಫ್ಟಿನಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹೇಳುವವರು ಸಜ್ಜನರೇ, ಅವರ ನಾಯಿಯೂ ನಿಜವಾಗಿ ಏನೂ ಮಾಡುವುದಿಲ್ಲ. ಆದರೆ ಅಷ್ಟರಲ್ಲಾಗಲೇ ನನ್ನ ಪತ್ನಿಯ ಅಂಗೈ ಬೆವೆತು, ಎದೆ ಹೊಡೆದುಕೊಳ್ಳತೊಡಗಿರುತ್ತದೆ. ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದ, ಯಾರಿಗೂ ಸೊಪ್ಪು ಹಾಕದ ಹೆಣ್ಣುಮಗಳು ಆಕೆ. (ಇದನ್ನು ಬರೆಯಲು ಆಕೆಯ ಅನುಮತಿ ಪಡೆದಿದ್ದೇನೆ.)

ವೈದ್ಯರು ಇದನ್ನು ಫೋಬಿಯಾ ಎನ್ನುತ್ತಾರೆ. ಭಯ ಅತಿಯಾದದ್ದೆಂದು ಸ್ವತಃ ರೋಗಿಗೇ ಗೊತ್ತಿರುತ್ತದೆ, ಗೊತ್ತಿದ್ದೂ ಪ್ರಯೋಜನವಿಲ್ಲ. ಬುದ್ಧಿ ಒಪ್ಪಿದ್ದನ್ನು ಶರೀರ ಒಪ್ಪುವುದಿಲ್ಲ. ಕಚ್ಚಿಸಿಕೊಂಡವರಿಗೇ ಇದು ಬರಬೇಕೆಂದೂ ಇಲ್ಲ. ಆಕೆಯ ಬಾಲ್ಯದಲ್ಲಿ ನಾಯಿ ಕಚ್ಚಿದ್ದು ಅವಳ ತಮ್ಮನನ್ನು. ಡೇವಿಡ್ ಸೆಂಪಲ್ ಎಂಬಾತ 1911ರಲ್ಲಿ ಕಸೌಲಿಯಲ್ಲಿ ರೂಪಿಸಿದ, ಕುರಿಯ ಮಿದುಳಿನಿಂದ ತಯಾರಾಗುತ್ತಿದ್ದ ಲಸಿಕೆಯೇ ಆಗ ಗತಿ. 2004ರವರೆಗೂ ಅದು ನಮ್ಮ ದೇಶದಲ್ಲಿ ಬಳಕೆಯಲ್ಲಿತ್ತು. ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುಮದ್ದು. ತಾಲ್ಲೂಕು ಆಸ್ಪತ್ರೆಯಲ್ಲಿ ಹದಿನಾಲ್ಕು ದಿನವೂ ತಮ್ಮನ ಕೈ ಹಿಡಿದು ನಿಂತವಳು ಅಕ್ಕ. ತೋಳಿಗೆ ನಾಲ್ಕೈದು ಚುಚ್ಚಿಸಿಕೊಂಡು ಮನೆಗೆ ಬರುವ ಇಂದಿನವರಿಗೆ ಆ ಆರ್ತನಾದದ ಕಲ್ಪನೆ ಇರಲಾರದು. ಅಂದಹಾಗೆ ಆ ತಮ್ಮ ಈಗ ಎರಡು ನಾಯಿ ಸಾಕಿದ್ದಾನೆ.

ಹೀಗೆಯೇ ದಿನಗಳು ಕಳೆಯುತ್ತಿದ್ದವು. ಅಷ್ಟರಲ್ಲಿ ಪುಣೆಯಲ್ಲಿರುವ ಮಗಳ ಮನೆಗೆ ಲ್ಯಾಬ್ರಡಾರ್ ಮರಿಯೊಂದು ಬಂತು. ಎರಡು ವರ್ಷದಿಂದ ಆಕೆ ಅಲ್ಲಿಗೆ ಹೋಗಿಲ್ಲ. ನಾವು ಬಂದಾಗ ನಾಯಿಯನ್ನು ಬೇರೆಡೆ ಬಿಡುತ್ತೇವೆಂದು ಮಗಳು ಹೇಳಿದಳು. ಪತ್ನಿ ಒಪ್ಪಲಿಲ್ಲ: ‘ಮಗು ಅದನ್ನ ತಮ್ಮ ಅಂತ ಕರೆಯುತ್ತೆ ಕಣ್ರೀ. ಅಜ್ಜಿ ಬಂದಾಗಲೆಲ್ಲ ತಮ್ಮನ್ನ ಹೊರಗೆ ಹಾಕ್ತಾರೆ ಅಂತಾದರೆ, ಅಜ್ಜಿ ಬರೋದು ಬೇಡ ಅನ್ನಲ್ವೇ?’ ಮನೋವೈದ್ಯರ ಬಳಿಗೆ ಹೋಗಲು ತೀರ್ಮಾನಿಸಿದವಳೂ ಅವಳೇ.

ಚಿಕಿತ್ಸೆಯ ಮೂಲತತ್ತ್ವ ಹಳೆಯದು. ದಕ್ಷಿಣ ಆಫ್ರಿಕಾದ ಜೋಸೆಫ್ ವೋಲ್ಪೆ ಬೆಕ್ಕುಗಳ ಮೇಲೆ ಪ್ರಯೋಗ ನಡೆಸಿ ಕಂಡುಕೊಂಡು, 1958ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದ ಕ್ರಮ ಅದು: ಹೆದರಿಕೆಯನ್ನು ಮೆಟ್ಟಿಲುಗಳಾಗಿ ಒಡೆದು, ಒಂದರಲ್ಲಿ ಮನಸ್ಸು ಶಾಂತವಾದ ಮೇಲೆ ಮುಂದಿನದಕ್ಕೆ ಹೋಗುವುದು. ಮೊದಲ ಮೆಟ್ಟಿಲು ಚಿತ್ರ. ನಮ್ಮ ದೇವರಮನೆಯ ದತ್ತಾತ್ರೇಯನ ಪಟದಲ್ಲಿ ನಾಲ್ಕು ನಾಯಿಗಳಿದ್ದು, ಆಕೆ ದಿನವೂ ಅದಕ್ಕೆ ಹೂ ಮುಡಿಸುವವಳಾದ್ದರಿಂದ ಅದು ಸಲೀಸಾಯಿತು. ಬಳಿಕ ಸದ್ದಿಲ್ಲದ ವಿಡಿಯೊ, ಆಮೇಲೆ ಬೊಗಳುವ ಸದ್ದು. ಅಲ್ಲಿ ಮೂರು ವಾರ ನಿಂತೆವು.

ಗಂಡನಾದವನ ಕೆಲಸ ಇಲ್ಲಿ ಸೂಕ್ಷ್ಮ. ತಳ್ಳಬಾರದು, ಹಾಸ್ಯ ಮಾಡಬಾರದು. ಹಾಗೆಂದು ಸದಾ ಮುಂದೆ ನಡೆದು ದಾರಿ ತೆರವು ಮಾಡುತ್ತಲೂ ಇರಬಾರದು. ತಪ್ಪಿಸಿಕೊಂಡಾಗ ಸಿಗುವ ನಿರಾಳವೇ ಭಯಕ್ಕೆ ಗೊಬ್ಬರ. ಇಷ್ಟೆಲ್ಲ ಅನುಸರಿಸುವುದು ಆಡಳಿತ ಸೇವೆಯಲ್ಲಿ ಆದೇಶ ಹೊರಡಿಸಿ ಅಭ್ಯಾಸವಾದವನಿಗೆ ಸುಲಭವಲ್ಲ.

ನೆರೆಹೊರೆಯ ಪ್ರಶ್ನೆಯೂ ಇದೆ. ವಸತಿ ಸಂಘಗಳು ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲ, ಲಿಫ್ಟ್ ನಿರಾಕರಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ನೀಡಿದೆ. ಅದು ಸರಿಯೆಂದೇ ನನ್ನ ಅಭಿಪ್ರಾಯ. ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ 1960ರ ತಮ್ಮ ಪ್ರಸಿದ್ಧ ಲೇಖನದಲ್ಲಿ, ಹಾನಿಯೆಂಬುದು ಎರಡೂ ಕಡೆಯದು ಎಂದು ವಾದಿಸಿದ್ದರು: ಒಬ್ಬರನ್ನು ತಡೆದರೆ ಅವರಿಗೂ ನಷ್ಟವೇ. ಮಾತುಕತೆಗೆ ಖರ್ಚಿಲ್ಲದ ಕಡೆ ಒಪ್ಪಂದವೇ ಲೇಸು. ಐದನೆಯ ಮಹಡಿಯವರೊಡನೆ ಒಂದು ಲೋಟ ಕಾಫಿಯ ಖರ್ಚಿನಲ್ಲಿ ಒಪ್ಪಂದವಾಯಿತು. ನಾವು ಲಿಫ್ಟಿನೊಳಗಿದ್ದರೆ ಅವರು ಮುಂದಿನ ಸರದಿಗೆ ಕಾಯುತ್ತಾರೆ, ಅವರಿದ್ದರೆ ನಾವು. ಅವರ ಮಗ ಈಗ ‘ಆಂಟಿ, ಬರ್ತಾ ಇದ್ದೀವಿ’ ಎಂದು ಮೆಟ್ಟಿಲ ತಿರುವಿನಿಂದಲೇ ಕೂಗಿ ಹೇಳುತ್ತಾನೆ. ‘ಏನೂ ಮಾಡಲ್ಲ’ ಎಂಬುದಕ್ಕಿಂತ ಅದು ಎಷ್ಟೋ ಉಪಯುಕ್ತ.

ಕಬ್ಬನ್ ಪಾರ್ಕಿನಲ್ಲಿ ನಾಯಿಗಳಿಗೆಂದೇ ಬೇಲಿ ಹಾಕಿದ ಅಂಗಳವಿದೆ. ಈಗ ಪ್ರತಿ ಭಾನುವಾರ ಅಲ್ಲಿಗೆ ಹೋಗಿ, ದೂರದ ಬೆಂಚಿನಲ್ಲಿ ಕುಳಿತುಕೊಳ್ಳುತ್ತೇವೆ. ಮೊದಲ ವಾರ ಐದು ನಿಮಿಷಕ್ಕೇ ಎದ್ದೆವು. ಕಳೆದ ವಾರ ಬೇಲಿಗೂ ಆಕೆಗೂ ಇಪ್ಪತ್ತು ಹೆಜ್ಜೆ ಅಂತರವಿತ್ತು, ಅರ್ಧ ಗಂಟೆ ಕುಳಿತಳು. ಪುಣೆಯ ರೈಲಿಗೆ ಇನ್ನೂ ಟಿಕೆಟ್ ಕಾಯ್ದಿರಿಸಿಲ್ಲ.