91 ಲಕ್ಷದ ಸಾವಿಗೆ ಎಷ್ಟು ರೂಪಾಯಿಯ ತನಿಖೆ?

ಕರ್ನಾಟಕದ ರಸ್ತೆಗಳಲ್ಲಿ 2022ರಲ್ಲಿ 39,762 ಅಪಘಾತಗಳಾದವು. 11,702 ಜನ ಸತ್ತರು. ದಿನಕ್ಕೆ ಸರಾಸರಿ 109 ಅಪಘಾತ, 32 ಸಾವು. ಅದೇ ವರ್ಷ ದೇಶದಲ್ಲಿ 4,61,312 ಅಪಘಾತಗಳಾಗಿ 1,68,491 ಜನ ಪ್ರಾಣ ಕಳೆದುಕೊಂಡರು. ಮರುವರ್ಷ ಸಾವಿನ ಸಂಖ್ಯೆ 1,72,890ಕ್ಕೆ ಏರಿತು. ಇವೆಲ್ಲ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವಾರ್ಷಿಕ ವರದಿಯ ಅಂಕಿಗಳು. ಎಷ್ಟು ಜನ ಸತ್ತರು ಎಂಬುದಕ್ಕೆ ಕೊನೆಯ ತಲೆಯವರೆಗೂ ಲೆಕ್ಕ ಸಿಗುತ್ತದೆ. ಯಾಕೆ ಸತ್ತರು ಎಂದು ಕೇಳಿದರೆ ಮಾತ್ರ ಹತ್ತರಲ್ಲಿ ಏಳು ಸಲ ಬರುವುದು ಒಂದೇ ಉತ್ತರ: ಅತಿವೇಗ.

2022ರ ವರದಿ ಶೇ 72.3ರಷ್ಟು ಅಪಘಾತಗಳನ್ನೂ ಶೇ 71.2ರಷ್ಟು ಸಾವುಗಳನ್ನೂ ಅತಿವೇಗದ ಲೆಕ್ಕಕ್ಕೆ ಬರೆದಿದೆ. ಈ ಅಂಕಿ ಹುಟ್ಟುವುದು ಪೊಲೀಸ್ ಠಾಣೆಯಲ್ಲಿ. ‘ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿಕೊಂಡು ಬಂದು’ ಎಂಬ ಸಾಲು ನಮ್ಮ ಅಪಘಾತದ ಎಫ್‌ಐಆರ್‌ಗಳಲ್ಲಿ ಕಾಯಂ ಆಗಿ ಇರುತ್ತದೆ. ಪ್ರಕರಣ ನಿಲ್ಲಲು ಕಾನೂನಿಗೆ ಅದು ಬೇಕು. ಆದರೆ ಆ ವೇಗ ಗಂಟೆಗೆ ಎಷ್ಟು ಕಿ.ಮೀ. ಇತ್ತು, ಅದನ್ನು ಅಳೆದವರು ಯಾರು, ಯಾವುದರಿಂದ ಅಳೆದರು ಎಂಬ ಪ್ರಶ್ನೆಗೆ ಬಹುಪಾಲು ಕಡತಗಳು ಉತ್ತರ ಕೊಡುವುದಿಲ್ಲ. ಆ ಉತ್ತರವನ್ನು ಹುಡುಕುವುದೇ ಕಸುಬಾಗಿರುವ, ಪೊಲೀಸರಲ್ಲದ ತನಿಖೆಗಾರರ ಕೆಲಸಕ್ಕೆ ಎಷ್ಟು ಬೆಲೆ ಎಂಬುದನ್ನು ಅಂಕಿಗಳಲ್ಲೇ ನೋಡೋಣ.

10 ಮೀಟರಿನ ವ್ಯತ್ಯಾಸ

ಬ್ರೇಕ್ ಒತ್ತಿದಾಗ ಚಕ್ರ ಸಿಕ್ಕಿಬಿದ್ದು ಟೈರು ಉಜ್ಜಿದ ಗುರುತು ಡಾಂಬರಿನ ಮೇಲೆ ಉಳಿಯುತ್ತದೆ. ತನಿಖೆಗಾರ ಮೊದಲು ಹುಡುಕುವುದು ಅದನ್ನೇ. ಲೆಕ್ಕ ಹೈಸ್ಕೂಲಿನದು: ಗುರುತಿನ ಉದ್ದವನ್ನು ರಸ್ತೆಯ ಘರ್ಷಣಾಂಕದಿಂದ ಗುಣಿಸಿ, ವರ್ಗಮೂಲ ತೆಗೆದು, ಅದನ್ನು 16ರಿಂದ ಗುಣಿಸಿದರೆ ವೇಗ ಗಂಟೆಗೆ ಕಿ.ಮೀ.ಗಳಲ್ಲಿ ಸಿಗುತ್ತದೆ. ಒಣಗಿದ ಒಳ್ಳೆಯ ಡಾಂಬರಿಗೆ ಘರ್ಷಣಾಂಕ ಸುಮಾರು 0.7, ಮಳೆಯಲ್ಲಿ ನೆನೆದಿದ್ದರೆ 0.4ರ ಆಸುಪಾಸು.

20 ಮೀಟರ್ ಗುರುತು, ಒಣ ರಸ್ತೆ: ವೇಗ 60 ಕಿ.ಮೀ.
20 ಮೀಟರ್ ಗುರುತು, ಒದ್ದೆ ರಸ್ತೆ: ವೇಗ 45 ಕಿ.ಮೀ.
10 ಮೀಟರ್ ಗುರುತು, ಒಣ ರಸ್ತೆ: ವೇಗ 42 ಕಿ.ಮೀ.

ಊರೊಳಗಿನ ರಸ್ತೆಯಲ್ಲಿ 50ರ ಫಲಕವಿದೆ ಎಂದುಕೊಳ್ಳಿ. 20 ಮೀಟರಿನ ಗುರುತನ್ನು ಸ್ಥಳ ಮಹಜರಿನಲ್ಲಿ ಕಣ್ಣಂದಾಜಿಗೆ ‘ಸುಮಾರು 10 ಮೀಟರ್’ ಎಂದು ಬರೆದರೆ, ಮಿತಿ ಮೀರಿದ ಚಾಲಕ ಮಿತಿಯೊಳಗೆ ಬಂದುಬಿಡುತ್ತಾನೆ. ಅಂದು ಮಳೆ ಬಂದಿತ್ತು ಎಂಬ ಒಂದು ಸಾಲು ಬಿಟ್ಟುಹೋದರೆ, 45ರಲ್ಲಿ ಬಂದವನು 60ರ ಅಪರಾಧಿಯಾಗುತ್ತಾನೆ. ಗುರುತು ಕೊನೆಯಾದಲ್ಲಿ ವಾಹನ ನಿಂತೇ ಇರಬೇಕೆಂದಿಲ್ಲ. ಇನ್ನೂ 30ರ ವೇಗ ಉಳಿದಿರುವಾಗಲೇ ಡಿಕ್ಕಿಯಾಗಿದ್ದರೆ ಮೂಲ ವೇಗ 60 ಅಲ್ಲ, 67. ಇಲ್ಲಿ 60ಕ್ಕೆ 30 ಕೂಡಿಸುವಂತಿಲ್ಲ. ಎರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆಯಬೇಕು. ಚಕ್ರ ಸಿಕ್ಕಿಬೀಳದಂತೆ ತಡೆಯುವ ಎಬಿಎಸ್ ಇರುವ ವಾಹನದ ಗುರುತು ಇನ್ನೂ ಮಸುಕು. ಅದನ್ನು ಕಾಣಲು ರಸ್ತೆಯ ಮಟ್ಟಕ್ಕೆ ಬಗ್ಗಿ, ಬೆಳಕಿಗೆ ಎದುರಾಗಿ ನೋಡುವ ಅಭ್ಯಾಸ ಬೇಕು.

ಚಾಲಕನ ಪಾಲಿನ ಇನ್ನೊಂದು ಅಂಕಿಯೂ ಇದೆ. ಅಪಾಯ ಕಂಡು, ಗ್ರಹಿಸಿ, ಬ್ರೇಕಿಗೆ ಕಾಲಿಡಲು ಇಂಡಿಯನ್ ರೋಡ್ಸ್ ಕಾಂಗ್ರೆಸ್ ರಸ್ತೆ ವಿನ್ಯಾಸದಲ್ಲಿ 2.5 ಸೆಕೆಂಡ್ ಲೆಕ್ಕಕ್ಕೆ ಹಿಡಿಯುತ್ತದೆ. 60ರ ವೇಗದಲ್ಲಿ ಆ ಹೊತ್ತಿಗೇ ವಾಹನ 42 ಮೀಟರ್ ಮುಂದೆ ಹೋಗಿರುತ್ತದೆ. ಪೂರ್ತಿ ನಿಲ್ಲಲು 80 ಮೀಟರ್ ಬೇಕು. 100ರ ವೇಗಕ್ಕೆ 180 ಮೀಟರ್. ತಿರುವಿನಲ್ಲಿ ಪೊದೆ ಬೆಳೆದು ಮುಂದಿನ ದಾರಿ 50 ಮೀಟರಷ್ಟೇ ಕಾಣುತ್ತಿದ್ದರೆ, 60ರಲ್ಲಿ ಬಂದವನನ್ನು ಮಾತ್ರ ದೂರುವ ವರದಿ ಅರ್ಧ ವರದಿ.

24 ಗಂಟೆ, 48 ಗಂಟೆ, 90 ದಿನ

ಅಪಘಾತದ ಸಾಕ್ಷ್ಯಕ್ಕೆ ಆಯುಷ್ಯ ಕಡಿಮೆ. ಗಾಜಿನ ಚೂರು ಗುಡಿಸಿಹೋಗುತ್ತದೆ, ಬ್ರೇಕಿನ ಗುರುತಿನ ಮೇಲೆ ನೂರಾರು ಲಾರಿಗಳು ಓಡಾಡುತ್ತವೆ, ವಾಹನ ಗ್ಯಾರೇಜು ಸೇರುತ್ತದೆ. ಮೋಟಾರು ವಾಹನ ಕಾಯ್ದೆಯ 136ನೇ ಕಲಂ ಪ್ರಕಾರ, ತಪಾಸಣೆಗೆಂದು ಬೇರೆಡೆ ಒಯ್ದ ವಾಹನವನ್ನು ವಿಧಿವಿಧಾನ ಮುಗಿಸಿ 24 ಗಂಟೆಯೊಳಗೆ ಹಿಂದಿರುಗಿಸಬೇಕು. ಅಷ್ಟರಲ್ಲಿ ಬ್ರೇಕ್, ಸ್ಟೀರಿಂಗ್, ಟೈರು ಎಲ್ಲವನ್ನೂ ಪರೀಕ್ಷಿಸಿ ‘ಐಎಂವಿ ವರದಿ’ ಬರೆಯುವವರು ಆರ್‌ಟಿಒ ಕಚೇರಿಯ ಮೋಟಾರು ವಾಹನ ನಿರೀಕ್ಷಕರು, ಅವರು ಪೊಲೀಸರಲ್ಲ.

ಬಲ್ಬ್ ಒಂದೇ ಎಷ್ಟು ಹೇಳುತ್ತದೆ ನೋಡಿ. ರಾತ್ರಿ ಲೈಟ್ ಹಾಕದೆ ಬಂದ ಎಂಬ ಆರೋಪವಿದ್ದರೆ ಹ್ಯಾಲೊಜೆನ್ ಬಲ್ಬಿನೊಳಗಿನ ತಂತಿಯನ್ನು ಭೂತಗನ್ನಡಿಯಲ್ಲಿ ನೋಡುತ್ತಾರೆ. ಉರಿಯುತ್ತಿದ್ದ ತಂತಿ ಕಾದು ಮೆತ್ತಗಿರುವುದರಿಂದ ಡಿಕ್ಕಿಯ ಹೊಡೆತಕ್ಕೆ ಸುರುಳಿ ಬಿಚ್ಚಿ ಹಿಗ್ಗುತ್ತದೆ. ಆರಿದ್ದ ತಂತಿ ತಣ್ಣಗಿರುವುದರಿಂದ ಹಿಗ್ಗದೆ ಪಟ್ಟನೆ ಮುರಿಯುತ್ತದೆ. ಗ್ಯಾರೇಜಿನವರು ಹಳೆಯ ಬಲ್ಬ್ ಬಿಸಾಡಿ ಹೊಸದು ಹಾಕಿದ ಮೇಲೆ ಈ ಸಾಕ್ಷ್ಯ ಮರಳಿ ಬರುವುದಿಲ್ಲ.

ಕಾಗದಪತ್ರಕ್ಕೂ ಗಡುವುಗಳಿವೆ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಕೇಂದ್ರ ನಿಯಮಗಳ ಪ್ರಕಾರ ಪೊಲೀಸರು ಮೊದಲ ಅಪಘಾತ ವರದಿಯನ್ನು 48 ಗಂಟೆಯೊಳಗೆ, ಮಧ್ಯಂತರ ವರದಿಯನ್ನು 50 ದಿನದೊಳಗೆ, ವಿವರ ವರದಿಯನ್ನು 90 ದಿನದೊಳಗೆ ಕೊಡಬೇಕು. ಇದನ್ನು ಕಟ್ಟುನಿಟ್ಟಾಗಿ ಪಾಲಿಸುವಂತೆ ಸುಪ್ರೀಂ ಕೋರ್ಟ್ 2022ರ ಡಿಸೆಂಬರ್‌ನಲ್ಲಿ ಗೋಹರ್ ಮೊಹಮ್ಮದ್ ಪ್ರಕರಣದಲ್ಲಿ ಆದೇಶಿಸಿತು. ಗಡುವು ಬಂದಿದೆ. ಆದರೆ ಬಂದೋಬಸ್ತು, ವಾಹನ ದಟ್ಟಣೆ, ಕೋರ್ಟ್ ಹಾಜರಿಗಳ ನಡುವೆ ಅದನ್ನು ಪಾಲಿಸಬೇಕಾದವರು ಅದೇ ಠಾಣೆಯ ಅದೇ ಸಿಬ್ಬಂದಿ.

2 ಲಕ್ಷವೋ, 36 ಲಕ್ಷವೋ?

ರಸ್ತೆಯ ಮೇಲಿನ ಮೀಟರು ಅಪಘಾತ ಪರಿಹಾರದ ಎಂವಿಸಿ ಕೋರ್ಟಿನಲ್ಲಿ ರೂಪಾಯಿಯಾಗುತ್ತದೆ. ಒಂದು ಕಾಲ್ಪನಿಕ ಕುಟುಂಬ ತೆಗೆದುಕೊಳ್ಳೋಣ. ಮೃತ ಬೈಕ್ ಸವಾರನ ವಯಸ್ಸು 32, ಖಾಸಗಿ ದುಡಿಮೆ, ತಿಂಗಳಿಗೆ 20,000 ರೂ. ಆದಾಯ. ಅವಲಂಬಿತರು ಹೆಂಡತಿ, ಒಂದು ಮಗು, ತಾಯಿ. ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ ಮತ್ತು 2017ರ ಪ್ರಣಯ್ ಸೇಠಿ ತೀರ್ಪುಗಳ ಸೂತ್ರದಂತೆ ಲೆಕ್ಕ ಹೀಗೆ:

ತಿಂಗಳ ಆದಾಯ: 20,000 ರೂ.
ಭವಿಷ್ಯದ ಹೆಚ್ಚಳ ಶೇ 40 ಸೇರಿಸಿ: 28,000 ರೂ.
ಸ್ವಂತ ಖರ್ಚಿಗೆ ಮೂರನೇ ಒಂದು ಭಾಗ ಕಳೆದು: 18,667 ರೂ.
ವರ್ಷಕ್ಕೆ: 2,24,000 ರೂ.
31ರಿಂದ 35 ವಯಸ್ಸಿನವರ ಗುಣಕ 16ರಿಂದ ಗುಣಿಸಿ: 35,84,000 ರೂ.

ಅಂತ್ಯಕ್ರಿಯೆ, ಸಂಗಾತಿಯ ನಷ್ಟದಂಥ ಬಾಬತ್ತುಗಳು ಇದಕ್ಕೆ ಹೊರತು. ಇಷ್ಟು ಹಣ ಬರಬೇಕಾದರೆ ಡಿಕ್ಕಿ ಹೊಡೆದ ವಾಹನ ಯಾವುದೆಂದು ಗೊತ್ತಾಗಿರಬೇಕು. ಗೊತ್ತಾಗದಿದ್ದರೆ ಅದು ‘ಹಿಟ್ ಅಂಡ್ ರನ್’. ಆಗ ಸಿಗುವುದು ನಿಗದಿತ 2 ಲಕ್ಷ ರೂಪಾಯಿ, ಗಂಭೀರ ಗಾಯವಾದರೆ 50,000. 2022ರ ಏಪ್ರಿಲ್‌ಗೆ ಮುಂಚೆ ಇದು 25,000 ಮತ್ತು 12,500 ಆಗಿತ್ತು. ಅದೇ ಸಾವು, ಅದೇ ಮನೆ. ವ್ಯತ್ಯಾಸ ಮಾತ್ರ 18 ಪಟ್ಟು. 2022ರಲ್ಲಿ ದೇಶದಲ್ಲಿ ಹಿಟ್ ಅಂಡ್ ರನ್‌ಗೆ ಬಲಿಯಾದವರು 30,486. ಈ ಮನೆಗಳ ಪಾಲಿಗೆ ಸ್ಥಳದಲ್ಲಿ ಬಿದ್ದ ಹೆಡ್‌ಲೈಟಿನ ಚೂರು, ಬಟ್ಟೆಗೆ ಅಂಟಿದ ಬಣ್ಣದ ಪಕಳೆ, ಮುಂದಿನ ಟೋಲಿನ ಕ್ಯಾಮೆರಾ ದೃಶ್ಯ ಎಲ್ಲಕ್ಕೂ ಲಕ್ಷಗಳ ಬೆಲೆ.

ವಾಹನ ಸಿಕ್ಕ ಮೇಲೂ ಜಗಳ ಮುಗಿಯುವುದಿಲ್ಲ. ಬೈಕಿನವನದೂ ತಪ್ಪಿದೆ ಎಂದು ವಿಮಾ ಕಂಪನಿ ವಾದಿಸುತ್ತದೆ. ನ್ಯಾಯಮಂಡಳಿ ಅವನ ಪಾಲಿನ ತಪ್ಪನ್ನು ಶೇ 25 ಎಂದು ನಿರ್ಧರಿಸಿದರೆ ಮೇಲಿನ ಕುಟುಂಬಕ್ಕೆ 8,96,000 ರೂ. ಕಡಿತ. ಈ ಶೇಕಡಾವಾರು ನಿಲ್ಲುವುದು ಮಹಜರಿನ ಕೈನಕ್ಷೆಯ ಮೇಲೆ: ಡಿಕ್ಕಿಯಾದ ಜಾಗ ರಸ್ತೆಯ ಎಡ ಅಂಚಿನಿಂದ ಎಷ್ಟು ಅಡಿ, ಮಧ್ಯದ ಗೆರೆಯಿಂದ ಎಷ್ಟು ಅಡಿ ಎಂಬುದರ ಮೇಲೆ. ನಕ್ಷೆಯಲ್ಲಿ ನಾಲ್ಕು ಅಡಿ ಆಚೀಚೆಯಾದರೆ ತಪ್ಪು ಒಬ್ಬರಿಂದ ಇನ್ನೊಬ್ಬರ ತಲೆಗೆ ಹೋಗುತ್ತದೆ. ಅದನ್ನು ಅಳೆಯುವ ಟೇಪಿನ ಬೆಲೆ ಕೆಲವು ನೂರು ರೂಪಾಯಿ.

ವಿಮಾ ಕಂಪನಿಗಳು ಈ ಲೆಕ್ಕವನ್ನು ಎಂದೋ ಕಲಿತಿವೆ. ಕ್ಲೇಮಿನ ಅಸಲಿತನ ನೋಡಲು ಅವು ತಮ್ಮದೇ ತನಿಖೆಗಾರರನ್ನು ಕಳುಹಿಸುತ್ತವೆ. ವಾಹನದ ಹಾನಿ 50,000 ರೂ. ದಾಟಿದರೆ ಪರವಾನಗಿ ಪಡೆದ ಸರ್ವೇಯರ್ ಬಂದು ನೋಡುವುದು ನಿಯಮ. ಬಂಪರಿನ ನಷ್ಟಕ್ಕೆ ಸ್ವತಂತ್ರ ಪರಿಣತ ಖಚಿತ. ಬೈಕಿನವನ ಜೀವಕ್ಕೆ ಅಂಥ ಖಾತ್ರಿಯಿಲ್ಲ.

ಕಾರಣದ ಅಂಕಣ ಬದಲಾದಾಗ

ಯಾರ ಪರವೂ ಅಲ್ಲದ ತನಿಖೆಯ ಮಾದರಿ ನಮ್ಮ ದೇಶದಲ್ಲೇ ಇದೆ. ಕೊಯಮತ್ತೂರಿನ ಜೆಪಿ ರಿಸರ್ಚ್ ಇಂಡಿಯಾ ಸಂಸ್ಥೆಯ ಸಂಶೋಧಕರು ಅಪಘಾತದ ಸ್ಥಳಕ್ಕೆ ಹೋಗಿ ರಸ್ತೆ, ವಾಹನ, ಗಾಯ ಮೂರನ್ನೂ ದಾಖಲಿಸುತ್ತಾರೆ. ಸುಮಾರು 94 ಕಿ.ಮೀ. ಉದ್ದದ ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಅವರು 200ಕ್ಕೂ ಹೆಚ್ಚು ಅಪಘಾತಗಳನ್ನು ಹೀಗೆ ಬಿಡಿಸಿ ನೋಡಿದಾಗ, ಬರೀ ಮನುಷ್ಯರ ತಪ್ಪಿನಿಂದ ಆದವು ಶೇ 57 ಮಾತ್ರ ಎಂದು ಕಂಡಿತು. ಮನುಷ್ಯನ ತಪ್ಪಿನ ಜೊತೆಗೆ ರಸ್ತೆಯ ದೋಷವೂ ಸೇರಿದ್ದು ಶೇ 22.5, ವಾಹನದ ದೋಷವೊಂದರಿಂದಲೇ ಆದದ್ದು ಶೇ 16.5. ‘ಎಲ್ಲ ಚಾಲಕನದೇ ತಪ್ಪು’ ಎಂದು ಬರೆದಿದ್ದರೆ ಉಳಿದ ಈ ಪಾಲಿಗೆ ಮದ್ದೇ ಇರುತ್ತಿರಲಿಲ್ಲ. ರಸ್ತೆ ಸುರಕ್ಷತೆಯ ಸ್ವಯಂಸೇವಾ ಸಂಸ್ಥೆ ಸೇವ್‌ಲೈಫ್ ಫೌಂಡೇಶನ್ ಮತ್ತು ಮಹಾರಾಷ್ಟ್ರದ ಇಲಾಖೆಗಳು ಸೇರಿ 2016ರಿಂದ ಈ ರಸ್ತೆಯ ತಡೆಬೇಲಿ, ತೆರೆದ ಕಂಬ, ನಿಂತ ಲಾರಿಗಳ ವಿಚಾರದಲ್ಲಿ ಒಂದೊಂದಾಗಿ ಕ್ರಮ ಕೈಗೊಂಡವು. ಆ ವರ್ಷ 151 ಇದ್ದ ಸಾವು 2019ರ ಹೊತ್ತಿಗೆ ನೂರರೊಳಗೆ ಇಳಿಯಿತು.

ರಸ್ತೆಯ ದೋಷ ದಾಖಲಾಗದಿದ್ದರೆ ಇನ್ನೂ ಎರಡು ಅಂಕಿಗಳು ನಿಷ್ಫಲ. ಹೆದ್ದಾರಿಯ 500 ಮೀಟರ್ ಉದ್ದದಲ್ಲಿ ಮೂರು ವರ್ಷದಲ್ಲಿ ಸಾವು ಅಥವಾ ಗಂಭೀರ ಗಾಯದ 5 ಅಪಘಾತಗಳಾದರೆ, ಇಲ್ಲವೇ 10 ಜನ ಸತ್ತರೆ ಅದು ಬ್ಲ್ಯಾಕ್‌ಸ್ಪಾಟ್. ಮಹಜರಿನಲ್ಲಿ ‘ಡಾಬಾದ ಹತ್ತಿರ’ ಎಂದಷ್ಟೇ ಇದ್ದರೆ ಐದನೆಯ ಅಪಘಾತ ಪಕ್ಕದ 500 ಮೀಟರಿನ ಲೆಕ್ಕಕ್ಕೆ ಹೋಗಿ, ಜಾಗ ಪಟ್ಟಿಗೇ ಸೇರದೆ ಉಳಿಯುತ್ತದೆ. ಮೊಬೈಲಿನಲ್ಲೇ ಜಾಗದ ನಿಖರ ಗುರುತು ದಾಖಲಿಸುವ ಐರ್‍ಯಾಡ್ ವ್ಯವಸ್ಥೆಯನ್ನು ಮೊದಲು ಪ್ರಯೋಗಿಸಿದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಈ ತೊಡಕು ಅಲ್ಲಿಂದ ಸಡಿಲಗೊಳ್ಳತೊಡಗಿದೆ. ಎರಡನೆಯದು ಕಾಯ್ದೆಯ 198ಎ ಕಲಂ: ನಿಗದಿತ ಮಾನದಂಡ ಪಾಲಿಸದೆ ರಸ್ತೆ ಮಾಡಿ ಸಾವಿಗೆ ಕಾರಣವಾದ ಗುತ್ತಿಗೆದಾರ ಅಥವಾ ಪ್ರಾಧಿಕಾರಕ್ಕೆ 1 ಲಕ್ಷ ರೂ.ವರೆಗೆ ದಂಡ. ರಸ್ತೆಯ ಇಳಿಜಾರು, ತಿರುವು, ಕಾಣುವ ದೂರ ಅಳೆದ ವರದಿಯೇ ಇಲ್ಲದಿದ್ದರೆ ಈ ದಂಡ ಯಾರ ಮೇಲೆ, ಹೇಗೆ?

ಪೊಲೀಸರೇ ಆಗಬೇಕೆ?

ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯ 2023ರಲ್ಲಿ ತನ್ನ ನಗರಗಳಿಗೆ ಪೊಲೀಸೇತರ ಅಪಘಾತ ತನಿಖೆಗಾರರನ್ನು ನೇಮಿಸಿಕೊಳ್ಳಲು ಅವಕಾಶ ಕೊಟ್ಟಿತು. ಅವರಿಗೆ ಬಂದೂಕಿಲ್ಲ, ಬಂಧಿಸುವ ಅಧಿಕಾರವಿಲ್ಲ. ಆಸ್ತಿ ಹಾನಿಯಷ್ಟೇ ಆದ ಅಪಘಾತಗಳು ಅವರ ಪಾಲು. ಸಣ್ಣ ಗುದ್ದಾಟಗಳನ್ನು ಅವರು ನೋಡಿಕೊಂಡರೆ ಪೊಲೀಸರ ಸಮಯ ದೊಡ್ಡ ಪ್ರಕರಣಗಳಿಗೆ ಉಳಿಯುತ್ತದೆ ಎಂಬುದು ಲೆಕ್ಕಾಚಾರ.

ನಮಗೆ ಬೇಕಾದದ್ದು ಇದರ ತಿರುಗುಮುರುಗು. ಸಾವಿನ ಪ್ರಕರಣದಲ್ಲಿ ಪೊಲೀಸರ ಪಕ್ಕದಲ್ಲೇ ಅಳೆಯಬಲ್ಲ ಒಬ್ಬ ಪರಿಣತ ಬೇಕು. ಎಫ್‌ಐಆರ್, ದೋಷಾರೋಪಣ ಪಟ್ಟಿ ಪೊಲೀಸರ ಕೈಯಲ್ಲೇ ಇರಲಿ. ಇದಕ್ಕೆ ಹೊಸ ಕಾನೂನೂ ಬೇಕಿಲ್ಲ. 136ನೇ ಕಲಂ ಅಪಘಾತದ ವಾಹನ ಪರೀಕ್ಷಿಸುವ ಅಧಿಕಾರವನ್ನು ರಾಜ್ಯ ಸರ್ಕಾರ ಅಧಿಕೃತಗೊಳಿಸಿದ ‘ಯಾವುದೇ ವ್ಯಕ್ತಿ’ಗೆ ಕೊಡುತ್ತದೆ. 135ನೇ ಕಲಂ ಅಪಘಾತದ ಕಾರಣಗಳ ಆಳವಾದ ಅಧ್ಯಯನಕ್ಕೆ ಯೋಜನೆ ರೂಪಿಸಲು ರಾಜ್ಯಕ್ಕೆ ಅನುಮತಿ ನೀಡಿದೆ.

ಉಳಿದದ್ದು ಖರ್ಚಿನ ಪ್ರಶ್ನೆ. ಸಚಿವಾಲಯಕ್ಕಾಗಿ ನಡೆದ ಅಧ್ಯಯನವೊಂದು ರಸ್ತೆ ಅಪಘಾತಗಳಿಂದ ದೇಶಕ್ಕಾಗುವ ನಷ್ಟವನ್ನು ವರ್ಷಕ್ಕೆ 1,47,114 ಕೋಟಿ ರೂ., ಅಂದರೆ ಜಿಡಿಪಿಯ ಶೇ 0.77 ಎಂದು ಲೆಕ್ಕ ಹಾಕಿದೆ. ಅದರಲ್ಲಿ ಸಾವಿನ ಪ್ರಕರಣವೊಂದರ ಸಾಮಾಜಿಕ–ಆರ್ಥಿಕ ನಷ್ಟ 91.16 ಲಕ್ಷ ರೂ. ಈಗ ಕರ್ನಾಟಕದ ಪ್ರತಿ ಸಾವಿಗೂ ಇಬ್ಬರು ಪರಿಣತರು, ಓಡಾಟ, ವಾಹನ ಪರೀಕ್ಷೆ, ಅಳತೆಯ ನಕ್ಷೆ ಎಲ್ಲ ಸೇರಿ 25,000 ರೂ. ಖರ್ಚು ಮಾಡೋಣ, ಇದು ನಾನು ಊಹಿಸಿಕೊಂಡ ಮೊತ್ತ, ಹೆಚ್ಚೆನಿಸಿದರೆ ಇಳಿಸಿಕೊಳ್ಳಿ. 11,702 ಸಾವಿಗೆ ವರ್ಷಕ್ಕೆ 29.26 ಕೋಟಿ ರೂ. ಇಷ್ಟು ಹಣ 32 ಸಾವುಗಳ ನಷ್ಟಕ್ಕೆ ಸಮ. 32 ಎಂದರೆ ರಾಜ್ಯದ ಒಂದು ದಿನದ ಸಾವು. ಇಡೀ ವರ್ಷದ ತನಿಖೆಯಿಂದ ಹೊರಬಿದ್ದ ಕಾರಣಗಳನ್ನು ಸರಿಪಡಿಸಿ ಒಂದೇ ಒಂದು ದಿನದ ಸಾವು ತಪ್ಪಿಸಿದರೂ ಹಾಕಿದ ದುಡ್ಡು ವಾಪಸ್. ಎರಡನೆಯ ದಿನದಿಂದ ಉಳಿಯುವ ಪ್ರತಿ ಜೀವವೂ ಲಾಭದ ಬಾಬತ್ತು. ಬಜೆಟ್ ಮಂಡಿಸುವವರಿಗೆ ಇದಕ್ಕಿಂತ ಸಲೀಸಾದ ಲೆಕ್ಕ ಸಿಗುವುದು ಕಷ್ಟ.