ಚಿಪ್ ಕಾರ್ಖಾನೆಯ ಕಣ್ಣು

ಚಿಪ್ ಎಂದೊಡನೆ ಅದನ್ನು ವಿನ್ಯಾಸಗೊಳಿಸುವ, ತಯಾರಿಸುವ ಕಂಪನಿಗಳು ನೆನಪಾಗುತ್ತವೆ. ತಯಾರಾಗುತ್ತಿರುವ ಚಿಪ್ಪನ್ನು ನಡುನಡುವೆ ಅಳೆದು ದೋಷ ಹುಡುಕುವ ಯಂತ್ರಗಳನ್ನು ಮಾಡುವ ಅಮೆರಿಕದ ಕೆಎಲ್‌ಎ ಕಂಪನಿಯ ಹೆಸರು ಕೇಳಿದವರು ಕಡಿಮೆ. ಆದರೆ ಈ ಉದ್ಯಮ ಎಷ್ಟು ಸೂಕ್ಷ್ಮಕ್ಕೆ ಇಳಿಯಬಲ್ಲದು ಎಂಬುದನ್ನು ಕೆತ್ತುವ ಯಂತ್ರದಷ್ಟೇ ಅಳೆಯುವ ಯಂತ್ರವೂ ತೀರ್ಮಾನಿಸುತ್ತದೆ. ಒಂದು ಸರಳ ಲೆಕ್ಕ ನೋಡಿ. ಚಿಪ್‌ಗಳು ಮೂಡುವ ಸಿಲಿಕಾನ್ ಬಿಲ್ಲೆ, ಅಂದರೆ ವೇಫರ್, 500 ಹಂತಗಳನ್ನು ದಾಟಬೇಕು, ಪ್ರತಿ ಹಂತದಲ್ಲೂ ನೂರಕ್ಕೆ 99 ಚಿಪ್‌ಗಳು ಸರಿಯಾಗಿ ಉಳಿಯುತ್ತವೆ ಎಂದುಕೊಳ್ಳೋಣ. ಕೊನೆಗೆ ಕೈಗೆ ಬರುವುದು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಅದೇ ಪ್ರಮಾಣ 99.9 ಆದರೆ ಸುಮಾರು 60 ಉಳಿಯುತ್ತವೆ. ಈ ಎರಡರ ನಡುವೆಯೇ ಕಾರ್ಖಾನೆಯ ಅಳಿವು ಉಳಿವು ಇದೆ.

1970ರ ದಶಕದ ನಡುಭಾಗದಲ್ಲಿ ಕೆನ್ ಲೆವಿ ಮತ್ತು ಬಾಬ್ ಆಂಡರ್ಸನ್ ಕ್ಯಾಲಿಫೋರ್ನಿಯಾದಲ್ಲಿ ಕೆಎಲ್‌ಎ ಶುರುಮಾಡಿದಾಗ ಕೈಹಾಕಿದ್ದು ಮಾಸ್ಕ್ ತಪಾಸಣೆಗೆ. ಮಾಸ್ಕ್ ಎಂದರೆ ಚಿಪ್ಪಿನ ನಕ್ಷೆ ಮೂಡಿರುವ ಗಾಜಿನ ಫಲಕ. ಅದರ ಮೂಲಕ ಬೆಳಕು ಹಾಯಿಸಿ ವೇಫರ್ ಮೇಲೆ ನಕ್ಷೆ ಇಳಿಸುತ್ತಾರೆ. ಅಚ್ಚಿನಲ್ಲೇ ಬಿರುಕಿದ್ದರೆ ಪ್ರತಿ ಇಟ್ಟಿಗೆಯಲ್ಲೂ ಅದು ಮೂಡುವಂತೆ, ಮಾಸ್ಕಿನ ಒಂದು ಕಲೆ ವೇಫರ್ ನಂತರ ವೇಫರ್‌ಗೆ ದಾಟುತ್ತದೆ. ಆಗೆಲ್ಲ ಸೂಕ್ಷ್ಮದರ್ಶಕಕ್ಕೆ ಕಣ್ಣು ಕೀಲಿಸಿ ಗಂಟೆಗಟ್ಟಲೆ ಹುಡುಕಬೇಕಿತ್ತು. ದಣಿದ ಕಣ್ಣಿಗೆ ಎಷ್ಟೋ ತಪ್ಪಿಹೋಗುತ್ತಿದ್ದವು. ಕೆಎಲ್‌ಎ ಯಂತ್ರ ಮಾಸ್ಕಿನ ಮೇಲಿನ ಎರಡು ಒಂದೇ ಬಗೆಯ ನಕ್ಷೆಗಳನ್ನು ಹೋಲಿಸಿ, ವ್ಯತ್ಯಾಸ ಕಂಡಲ್ಲಿ ಗುರುತು ಹಾಕುತ್ತಿತ್ತು. ಸರಿಯಾದದ್ದು ಹೇಗಿರಬೇಕೆಂದು ಯಂತ್ರಕ್ಕೆ ಮೊದಲೇ ಕಲಿಸಬೇಕಿರಲಿಲ್ಲ. ಇದೇ ನನಗೆ ಈ ಕಥೆಯ ಅತ್ಯಂತ ಚೆಲುವಾದ ಭಾಗ. ಅದೇ ಕಾಲಕ್ಕೆ ಕರೆಲ್ ಉರ್ಬಾನೆಕ್ ಮತ್ತು ಜಾನ್ ಶ್ವಾಬಾಕರ್ ಕಟ್ಟಿದ ಟೆನ್ಕಾರ್, ವೇಫರ್ ಮೇಲಿನ ತೆಳುಪದರಗಳ ದಪ್ಪ ಅಳೆಯುತ್ತಿತ್ತು. 1997ರಲ್ಲಿ ಇವೆರಡೂ ಒಂದಾದವು.

ಅಳತೆಯಿಂದ ಚಿಪ್ಪಿಗೆ ಒಂದು ಟ್ರಾನ್ಸಿಸ್ಟರೂ ಹೆಚ್ಚುವುದಿಲ್ಲ, ಸಮಯ ಮತ್ತು ಹಣ ಮಾತ್ರ ಖರ್ಚಾಗುತ್ತವೆ ಎಂಬ ಆಕ್ಷೇಪವಿದೆ. ಅದು ಅರ್ಧ ನಿಜ. ಪ್ರತಿ ವೇಫರನ್ನೂ ಪ್ರತಿ ಹಂತದಲ್ಲೂ ನೋಡುತ್ತ ಕೂತರೆ ಕಾರ್ಖಾನೆ ನಿಂತೇ ಹೋಗುತ್ತದೆ; ಅದಕ್ಕೇ ಆಯ್ದ ವೇಫರ್‌ಗಳನ್ನು ಆಯ್ದ ಹಂತಗಳಲ್ಲಿ ಮಾತ್ರ ನೋಡುತ್ತಾರೆ. ಎಲೆಕ್ಟ್ರಾನ್ ಕಿರಣ ಹೆಚ್ಚು ಸೂಕ್ಷ್ಮವಾಗಿ ನೋಡಬಲ್ಲದಾದರೂ ನಿಧಾನವಾದ್ದರಿಂದ ಬೆಳಕು ಬೀರಿ ನೋಡುವ ತಪಾಸಣಾ ಯಂತ್ರಗಳು ಇಂದಿಗೂ ಉಳಿದಿವೆ. ಆದರೆ ಅಳೆಯದೆ ಬಿಟ್ಟರೆ ಹತ್ತನೇ ಹಂತದ ತಪ್ಪು ಎಲ್ಲ ಮುಗಿದ ಮೇಲೆ, ಕೊನೆಯ ವಿದ್ಯುತ್ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಅಷ್ಟರಲ್ಲಿ ಅದೇ ತಪ್ಪು ಹೊತ್ತ ವೇಫರ್‌ಗಳು ಸಾಲುಗಟ್ಟಿರುತ್ತವೆ, ತಪ್ಪು ಯಾವ ಯಂತ್ರದ್ದೆಂಬ ಸುಳಿವೂ ಇರುವುದಿಲ್ಲ.

ಇಂಥ ಕೆಲಸದ ದೊಡ್ಡ ಪಾಲು ಕೆಎಲ್‌ಎ ಎಂಬ ಒಂದೇ ಕಂಪನಿಯ ಕೈಯಲ್ಲಿ ಇರುವುದು ಸರಿಯೇ ಎಂಬ ಪ್ರಶ್ನೆ ಇನ್ನೂ ಗಟ್ಟಿಯಾದದ್ದು. ನನ್ನ ಮಟ್ಟಿಗೆ ಅದು ಅಳತೆಯ ಮಹತ್ವಕ್ಕೇ ಸಾಕ್ಷಿ. 2015ರ ಅಕ್ಟೋಬರಿನಲ್ಲಿ, ಚಿಪ್ ಕೆತ್ತುವ ಯಂತ್ರಗಳ ತಯಾರಕ ಲ್ಯಾಮ್ ರಿಸರ್ಚ್ ಸುಮಾರು 1,060 ಕೋಟಿ ಡಾಲರಿಗೆ ಕೆಎಲ್‌ಎಯನ್ನು ಕೊಳ್ಳಲು ಮುಂದಾಯಿತು. ಹೊಸ ಕೆತ್ತನೆ ಯಂತ್ರ ರೂಪಿಸುವವರಿಗೂ ತಮ್ಮ ಯಂತ್ರ ಏನು ಮಾಡಿತೆಂದು ತಿಳಿಯಲು ಕೆಎಲ್‌ಎಯ ಅಳತೆ ಬೇಕು. ಅಳೆಯುವ ಯಂತ್ರಗಳು ಲ್ಯಾಮ್ ವಶವಾದರೆ ಅದರ ಪ್ರತಿಸ್ಪರ್ಧಿಗಳಿಗೆ ಅವು ಸಕಾಲಕ್ಕೆ ಸಿಗದೆಹೋಗಬಹುದು ಎಂದು ಅಮೆರಿಕದ ನ್ಯಾಯ ಇಲಾಖೆ ಆತಂಕಪಟ್ಟಿತು. 2016ರ ಅಕ್ಟೋಬರಿನಲ್ಲಿ ಎರಡೂ ಕಂಪನಿಗಳು ಒಪ್ಪಂದ ಕೈಬಿಟ್ಟವು.