ಇಂಚು ಹೆಚ್ಚೋ, ಫೀಚರ್ ಹೆಚ್ಚೋ: ಟಿವಿ ಕೊಳ್ಳುವವರ ಒಂಬತ್ತು ನಂಬಿಕೆಗಳು

2025ರ ಸೆಪ್ಟೆಂಬರ್ 22ರಂದು ಮೈಸೂರಿನ ಚಾಮುಂಡಿ ಬೆಟ್ಟದಲ್ಲಿ ಲೇಖಕಿ ಬಾನು ಮುಷ್ತಾಕ್ ದಸರಾ ಉದ್ಘಾಟಿಸಿದರು. ಜಿಎಸ್‌ಟಿಯ ಹೊಸ ದರಗಳು ದೇಶದಲ್ಲೆಲ್ಲ ಜಾರಿಗೆ ಬಂದದ್ದೂ ಅದೇ ದಿನ. 32 ಇಂಚಿಗಿಂತ ದೊಡ್ಡ ಟಿವಿಗಳ ಮೇಲಿನ ತೆರಿಗೆ ಶೇ 28ರಿಂದ ಶೇ 18ಕ್ಕೆ ಇಳಿಯಿತು. 32 ಇಂಚು ಮತ್ತು ಅದಕ್ಕಿಂತ ಚಿಕ್ಕ ಟಿವಿಗಳಿಗೆ 2019ರಿಂದಲೂ ಶೇ 18 ತೆರಿಗೆಯೇ ಇತ್ತು. ‘32 ದಾಟಿದರೆ ತೆರಿಗೆ ಜಾಸ್ತಿ, ಅಲ್ಲಿಗೇ ನಿಲ್ಲಿಸೋಣ’ ಎಂಬ ಹಳೆಯ ಲೆಕ್ಕಾಚಾರಕ್ಕೆ ಈಗ ಅರ್ಥವಿಲ್ಲ.

ಆದರೆ ಅದರ ಜಾಗದಲ್ಲಿ ಇನ್ನೊಂದು ಗೊಂದಲ ಬಂದು ಕೂತಿದೆ. ಮೈಲಾರಿ ಹೋಟೆಲುಗಳಿರುವ ನಜರ್‌ಬಾದ್ ಮುಖ್ಯರಸ್ತೆಯ ಆಚೀಚೆ ಹಳೆಯ ಹೆಂಚಿನ ಮನೆಗಳಿವೆ, ಒತ್ತಾದ ತಾರಸಿ ಮನೆಗಳಿವೆ, ಹೊಸ ಅಪಾರ್ಟ್‌ಮೆಂಟುಗಳೂ ಇವೆ. ಇಲ್ಲಿಂದ ಹೊರಟು ದೇವರಾಜ ಅರಸು ರಸ್ತೆಯದೋ ಸಯ್ಯಾಜಿರಾವ್ ರಸ್ತೆಯದೋ ಅಂಗಡಿ ಮೆಟ್ಟಿಲು ಹತ್ತಿದವರ ಮುಂದೆ ಬರುವುದು ಒಂದೇ ಪ್ರಶ್ನೆ. ಅದೇ ದುಡ್ಡಿಗೆ 55 ಇಂಚಿನ ಸಾದಾ ಟಿವಿ ತರಬೇಕೋ, ‘ಎಲ್ಲ ಇರುವ’ 43 ಇಂಚಿನದೋ?

ಫೀಚರುಗಳಲ್ಲಿ ಎರಡು ಜಾತಿ ಎಂಬುದನ್ನು ಮೊದಲು ತಿಳಿದುಕೊಂಡರೆ ಉತ್ತರ ಅರ್ಧ ಸಿಕ್ಕಂತೆ. ಕೆಲವನ್ನು ನಾಳೆ ಹೊರಗಿನಿಂದ ತಂದು ಸೇರಿಸಬಹುದು. ಕೆಲವು ಪರದೆಯ ಒಳಗೇ ಇರುವಂಥವು, ಆಮೇಲೆ ಎಷ್ಟು ದುಡ್ಡು ಸುರಿದರೂ ಬರುವುದಿಲ್ಲ. ಇಂಚು ಕೂಡ ಈ ಎರಡನೇ ಜಾತಿಗೇ ಸೇರಿದ್ದು. ಚಾಲ್ತಿಯಲ್ಲಿರುವ ನಂಬಿಕೆಗಳನ್ನು ಈ ಕಣ್ಣಿನಿಂದ ನೋಡೋಣ.

ನಂಬಿಕೆ 1: ಚಿಕ್ಕ ಹಾಲ್‌ಗೆ ದೊಡ್ಡ ಟಿವಿ ತಂದರೆ ಕಣ್ಣು ಹಾಳಾಗುತ್ತದೆ

ವಾಸ್ತವ: ಈ ಭಯಕ್ಕೆ ಒಂದು ಇತಿಹಾಸವಿದೆ. 1967ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಕೆಲವು ಬಣ್ಣದ ಟಿವಿಗಳಿಂದ ಮಿತಿಮೀರಿದ ಎಕ್ಸ್‌ರೇ ಹೊರಬೀಳುತ್ತಿದ್ದುದು ಬೆಳಕಿಗೆ ಬಂತು, ಕಂಪನಿ ಅವನ್ನು ಹಿಂದಕ್ಕೆ ಪಡೆದು ಸರಿಪಡಿಸಬೇಕಾಯಿತು. ಅವು ಹೆಚ್ಚು ವೋಲ್ಟೇಜಿನ ಟ್ಯೂಬುಗಳಿದ್ದ ಡಬ್ಬಿ ಟಿವಿಗಳು. ಇಂದಿನ ಚಪ್ಪಟೆ ಪರದೆಯಲ್ಲಿ ಎಕ್ಸ್‌ರೇ ಹುಟ್ಟುವ ಭಾಗವೇ ಇಲ್ಲ. ಹತ್ತಿರ ಕೂತು ನೋಡಿದರೆ ಕಣ್ಣು ದಣಿಯಬಹುದು, ರೆಪ್ಪೆ ಬಡಿಯುವುದು ಕಡಿಮೆಯಾಗಿ ಉರಿಯಬಹುದು. ಅದರಿಂದ ಕಣ್ಣಿಗೆ ಶಾಶ್ವತ ಹಾನಿಯಿಲ್ಲ ಎನ್ನುತ್ತಾರೆ ನೇತ್ರತಜ್ಞರು. ಮಗು ಪದೇ ಪದೇ ಟಿವಿಯ ಹತ್ತಿರಕ್ಕೇ ಹೋಗಿ ಕೂರುತ್ತಿದ್ದರೆ ಟಿವಿ ಬದಲಿಸುವ ಮೊದಲು ಮಗುವಿನ ಕಣ್ಣು ಪರೀಕ್ಷೆ ಮಾಡಿಸಿ. ದೂರದ್ದು ಮಸುಕಾಗಿ ಕಾಣುತ್ತಿರಬಹುದು.

ಎಷ್ಟು ಇಂಚು ಎಂಬುದಕ್ಕೆ ಸುಲಭದ ಲೆಕ್ಕವಿದೆ. ಪರದೆ ನೋಟದಲ್ಲಿ ಸುಮಾರು 30 ಡಿಗ್ರಿ ತುಂಬಬೇಕು ಎಂಬುದು ಸಿನಿಮಾ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಘ ಎಸ್‌ಎಂಪಿಟಿಇಯ ಹೆಸರಿನಲ್ಲಿ ಬಳಕೆಯಲ್ಲಿರುವ ಸೂತ್ರ. ಅದರಂತೆ ಕೂರುವ ದೂರವನ್ನು ಇಂಚಿನಲ್ಲಿ ಅಳೆದು 1.6ರಿಂದ ಭಾಗಿಸಿ. ಹತ್ತು ಅಡಿ ಅಗಲದ ಹಾಲ್‌ನಲ್ಲಿ ಸೋಫಾದ ಬೆನ್ನು ಬಿಟ್ಟರೆ ಕಣ್ಣಿನಿಂದ ಗೋಡೆಗೆ ಸುಮಾರು ಎಂಟು ಅಡಿ, ಅಂದರೆ 96 ಇಂಚು. ಉತ್ತರ 60. ಅಲ್ಲಿ 55 ಇಂಚು ಅತಿಯಲ್ಲ. ಆರು ಅಡಿ ಮಾತ್ರ ಸಿಗುವ ಕೋಣೆಗೆ 43 ಸಾಕು. ವಾರ್ತೆ, ಧಾರಾವಾಹಿಗಳಷ್ಟೇ ನೋಡುವವರು ಇದಕ್ಕಿಂತ ಒಂದು ಅಳತೆ ಕಡಿಮೆ ತಂದರೂ ನಷ್ಟವಿಲ್ಲ.

ನಂಬಿಕೆ 2: 43ಕ್ಕೂ 55ಕ್ಕೂ ಹನ್ನೆರಡು ಇಂಚಿನದಷ್ಟೇ ವ್ಯತ್ಯಾಸ

ವಾಸ್ತವ: ಇಂಚು ಎಂದರೆ ಪರದೆಯ ಒಂದು ಮೂಲೆಯಿಂದ ಎದುರು ಮೂಲೆಗಿರುವ ಓರೆ ಅಳತೆ. ಚಿತ್ರ ತುಂಬುವುದು ಜಾಗವನ್ನು. 43 ಇಂಚಿನ ಪರದೆ ಸುಮಾರು 95 ಸೆಂ.ಮೀ ಅಗಲ, 54 ಸೆಂ.ಮೀ ಎತ್ತರ. 55 ಇಂಚಿನದು 122 ಸೆಂ.ಮೀ ಅಗಲ, 68 ಸೆಂ.ಮೀ ಎತ್ತರ. ಜಾಗದ ಲೆಕ್ಕದಲ್ಲಿ ಶೇ 60ಕ್ಕೂ ಹೆಚ್ಚು ದೊಡ್ಡದು.

ಹಳೆಯ ಮನೆಗಳಲ್ಲಿ ಡಬ್ಬಿ ಟಿವಿಗೆಂದೇ ಕಟ್ಟಿಸಿದ ಷೋಕೇಸ್ ಇರುತ್ತದೆ. ಅದರ ನಡುಗೂಡಿನಲ್ಲಿ ನಾಲ್ಕು ಅಡಿಗೂ ಹೆಚ್ಚು ಅಗಲದ ಟಿವಿ ಕೂರದು. ಎಷ್ಟೋ ಮಾಡೆಲ್‌ಗಳ ಕಾಲುಗಳು ಎರಡು ತುದಿಗಳಲ್ಲಿರುತ್ತವೆ, ಮೇಜು ಚಿಕ್ಕದಾದರೆ ಒಂದು ಕಾಲು ಗಾಳಿಯಲ್ಲಿ. ಅಂಗಡಿಗೆ ಹೊರಡುವ ಮುಂಚೆ ಗೂಡನ್ನು ಟೇಪ್ ಹಿಡಿದು ಅಳೆಯಿರಿ. ಗೋಡೆಗೆ ಹಾಕುವುದಾದರೆ ಪರದೆಯ ನಡುಭಾಗ ಕೂತವರ ಕಣ್ಣಿನ ಮಟ್ಟಕ್ಕೆ ಹತ್ತಿರವಿರಲಿ. ಷೋಕೇಸಿನ ಮೇಲೆ ಸೂರಿನ ಹತ್ತಿರ ತೂಗುಹಾಕಿದರೆ ಕತ್ತು ನೋಯುತ್ತದೆ, ಚಿತ್ರವೂ ಕಳೆಗುಂದುತ್ತದೆ.

ನಂಬಿಕೆ 3: 4ಕೆ ಇದ್ದರೆ ಎಲ್ಲವೂ 4ಕೆಯಲ್ಲೇ ಕಾಣುತ್ತದೆ

ವಾಸ್ತವ: 4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಚುಕ್ಕೆಗಳಿವೆ. ಸಾಮಾನ್ಯ ಎಸ್‌ಡಿ ಚಾನೆಲ್ ಕಳಿಸುವ ಚಿತ್ರದಲ್ಲಿರುವುದು ಹೆಚ್ಚೆಂದರೆ 4.15 ಲಕ್ಷ. ಇಪ್ಪತ್ತು ಚುಕ್ಕೆಗಳಲ್ಲಿ ಹತ್ತೊಂಬತ್ತನ್ನು ಟಿವಿಯೇ ಊಹಿಸಿ ತುಂಬುತ್ತದೆ. ಪರದೆ ದೊಡ್ಡದಾದಷ್ಟೂ ಆ ಊಹೆಯ ಹುಳುಕು ಎದ್ದು ಕಾಣುತ್ತದೆ. ‘ಹೊಸ ಟಿವಿಯಲ್ಲಿ ಧಾರಾವಾಹಿ ಮಬ್ಬು’ ಎಂಬ ದೂರಿಗೆ ಬಹುಪಾಲು ಕಾರಣ ಇದೇ.

ಪರಿಹಾರ ಟಿವಿಯಲ್ಲಿಲ್ಲ, ಅದಕ್ಕೆ ಬರುವ ಸಂಪರ್ಕದಲ್ಲಿದೆ. ಕಲರ್ಸ್ ಕನ್ನಡ, ಜೀ ಕನ್ನಡ, ಸ್ಟಾರ್ ಸುವರ್ಣ, ಉದಯ ಇವೆಲ್ಲಕ್ಕೂ ಎಚ್‌ಡಿ ಆವೃತ್ತಿಗಳಿವೆ. ಆದರೆ ಅವಕ್ಕೆ ಬೇರೆ ದರ, ಬೇಕಾದ ಸೆಟ್‌ಟಾಪ್ ಬಾಕ್ಸೂ ಬೇರೆ. ಎಚ್‌ಡಿ ಬಾಕ್ಸ್ ಇದ್ದೂ ಕೆಂಪು–ಬಿಳಿ–ಹಳದಿ ಮೂತಿಯ ಹಳೆಯ ವೈರಿನಲ್ಲಿ ಜೋಡಿಸಿದ್ದರೆ ಬರುವುದು ಎಸ್‌ಡಿ ಚಿತ್ರವೇ. ಎಚ್‌ಡಿಎಂಐ ವೈರಿಗೆ ಬದಲಿಸಿ ನೋಡಿ.

ಒಟಿಟಿಯದೂ ಇದೇ ಕಥೆ. ನೆಟ್‌ಫ್ಲಿಕ್ಸಿನ ಬೇಸಿಕ್ ಪ್ಲಾನಿನಲ್ಲಿ ಸಿಗುವುದು 720 ಗೆರೆಯ ಚಿತ್ರ, 4ಕೆ ಬೇಕೆಂದರೆ ಪ್ರೀಮಿಯಂ ಪ್ಲಾನ್ ಜೊತೆಗೆ 15 ಎಂಬಿಪಿಎಸ್ ಇಂಟರ್‌ನೆಟ್ ಬೇಕು. ಇನ್ನು ಕಣ್ಣಿನ ಮಿತಿ: ಆರೋಗ್ಯವಂತ ಕಣ್ಣಿಗೂ 43 ಇಂಚಿನ ಪರದೆಯಲ್ಲಿ ಫುಲ್ ಎಚ್‌ಡಿ ಮತ್ತು 4ಕೆ ಬೇರೆ ಬೇರೆಯಾಗಿ ಕಾಣಬೇಕೆಂದರೆ ಸುಮಾರು ಐದೂವರೆ ಅಡಿಯೊಳಗೆ ಕೂರಬೇಕು. ಎಂಟು ಅಡಿಯಿಂದ ನೋಡುವವರು 43ರಲ್ಲಿ 4ಕೆಗೆಂದು ಹೆಚ್ಚು ಹಣ ಕೊಡುವುದು ಕಾಣದ ಚುಕ್ಕೆಗೆ ಬೆಲೆ ತೆತ್ತಂತೆ.

ನಂಬಿಕೆ 4: ಅಂಗಡಿಯಲ್ಲಿ ಚೆನ್ನಾಗಿ ಕಂಡದ್ದೇ ಒಳ್ಳೆಯ ಟಿವಿ

ವಾಸ್ತವ: ಅಂಗಡಿಯ ಟಿವಿಗಳು ‘ವಿವಿಡ್’ ಅಥವಾ ಡೆಮೊ ಸ್ಥಿತಿಯಲ್ಲಿರುತ್ತವೆ. ಬೆಳಕು ಪೂರ್ತಿ, ಬಣ್ಣ ಅತಿ, ಓಡುವ ವಿಡಿಯೊ ಕಂಪನಿಯೇ ಮಾಡಿಸಿದ್ದು. ಟ್ಯೂಬ್‌ಲೈಟಿನ ಬೆಳಕಿನಲ್ಲಿ ನೀಲಿ ಛಾಯೆಯ ಪರದೆಯೇ ಎದ್ದು ಕಾಣುತ್ತದೆ. ಟಿವಿಯನ್ನು ಸಿನಿಮಾ ಇಲ್ಲವೇ ಸ್ಟ್ಯಾಂಡರ್ಡ್ ಮೋಡಿಗೆ ಹಾಕಿಸಿ. ಮೊಬೈಲ್‌ನಿಂದ ನಿಮಗೆ ಪರಿಚಯವಿರುವ ಒಂದು ಹಾಡು ಅಥವಾ ಪಂದ್ಯದ ತುಣುಕು ಹಾಕಿಸಿ, ಮುಖದ ಬಣ್ಣ ಸಹಜವಾಗಿದೆಯೇ ನೋಡಿ. ಮನೆಯಲ್ಲಿ ನೀವು ಕೂರುವಷ್ಟೇ ದೂರ ನಿಂತು ನೋಡಿ.

ನಂಬಿಕೆ 5: ಎಚ್‌ಡಿಆರ್, ಡಾಲ್ಬಿ ವಿಷನ್ ಸ್ಟಿಕರ್ ಇದ್ದರೆ ಚಿತ್ರ ಮಿನುಗುತ್ತದೆ

ವಾಸ್ತವ: ಆ ರೀತಿಯ ಸಂಕೇತವನ್ನು ಟಿವಿ ಓದಬಲ್ಲದು ಎಂಬುದಷ್ಟೇ ಸ್ಟಿಕರಿನ ಭರವಸೆ. ಓದಿದ್ದನ್ನು ತೋರಿಸಲು ಬೆಳಕಿನ ಶಕ್ತಿ ಬೇಕು. ಎಚ್‌ಡಿಆರ್ ಸಿನಿಮಾಗಳನ್ನು ಸಾಮಾನ್ಯವಾಗಿ 1,000 ನಿಟ್ಸ್ ಅಥವಾ ಅದಕ್ಕೂ ಹೆಚ್ಚಿನ ಹೊಳಪಿಗೆ ಸಿದ್ಧಪಡಿಸುತ್ತಾರೆ. ಕಡಿಮೆ ಬೆಲೆಯ ಬಹುಪಾಲು ಟಿವಿಗಳ ಹೊಳಪು 250–350 ನಿಟ್ಸ್ ಆಸುಪಾಸಿನದು. ಅಂಥ ಪರದೆಯಲ್ಲಿ ಎಚ್‌ಡಿಆರ್ ಚಿತ್ರ ಕೆಲವೊಮ್ಮೆ ಮಾಮೂಲಿಗಿಂತ ಕತ್ತಲಾಗಿ ಕಾಣುವುದೂ ಉಂಟು. ಸ್ಟಿಕರ್ ಎಣಿಸುವ ಬದಲು ಹೊಳಪು ಎಷ್ಟು ನಿಟ್ಸ್ ಎಂದು ಕೇಳಿ. ಬೀದಿ ಬದಿಯ ಕಿಟಕಿಯಿಂದ ಹಗಲೆಲ್ಲ ಬೆಳಕು ಬೀಳುವ ಹಾಲ್‌ ನಿಮ್ಮದಾದರೆ ಈ ಸಂಖ್ಯೆಗೆ ಇಂಚಿನಷ್ಟೇ ತೂಕ ಕೊಡಿ.

ನಂಬಿಕೆ 6: ಎಲ್ಇಡಿ, ಕ್ಯುಎಲ್ಇಡಿ, ಒಎಲ್ಇಡಿ ಎಲ್ಲ ಹೆಚ್ಚುಕಮ್ಮಿ ಒಂದೇ

ವಾಸ್ತವ: ಎಲ್ಇಡಿ ಟಿವಿ ಎನ್ನುವುದು ಹಿಂದಿನಿಂದ ಎಲ್ಇಡಿ ಬೆಳಕು ಬೀಳುವ ಎಲ್‌ಸಿಡಿ. ಕ್ಯುಎಲ್ಇಡಿಯೂ ಅದೇ, ಬಣ್ಣ ತಿಳಿಯಾಗಲು ನಡುವೆ ಕ್ವಾಂಟಮ್ ಡಾಟ್ ಪದರ ಸೇರಿದೆ. ಒಎಲ್ಇಡಿ ಮಾತ್ರ ಬೇರೆ ಕುಲ. ಅದರಲ್ಲಿ ಪ್ರತಿ ಚುಕ್ಕೆಯೂ ತಾನೇ ಬೆಳಗುತ್ತದೆ, ಕಪ್ಪು ಬೇಕಾದಲ್ಲಿ ಪೂರ್ತಿ ಆರುತ್ತದೆ. ಬೆಲೆಯೂ ಹಾಗೆಯೇ ಏರುತ್ತದೆ. ವಾರ್ತಾವಾಹಿನಿಯ ಪಟ್ಟಿಯಂಥ ನಿಂತಲ್ಲೇ ನಿಲ್ಲುವ ಚಿತ್ರ ದಿನಗಟ್ಟಲೆ ಇದ್ದರೆ ಒಎಲ್ಇಡಿಯಲ್ಲಿ ಕಲೆ ಉಳಿಯುವ ಅಪಾಯವುಂಟು.

ಎಲ್‌ಸಿಡಿಯಲ್ಲೂ ಎರಡು ಬಗೆಯ ಪ್ಯಾನೆಲ್‌ಗಳಿವೆ, ಅಂಗಡಿಯಲ್ಲಿ ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ. ವಿಎ ಪ್ಯಾನೆಲಿನಲ್ಲಿ ಕಪ್ಪು ಗಾಢ, ಆದರೆ ಪಕ್ಕದಿಂದ ನೋಡಿದವರಿಗೆ ಬಣ್ಣ ತೆಳುವಾಗುತ್ತದೆ. ಐಪಿಎಸ್ ಪ್ಯಾನೆಲಿನಲ್ಲಿ ಕಪ್ಪು ಸ್ವಲ್ಪ ಬೂದಿ ಬಣ್ಣಕ್ಕೆ ತಿರುಗಿದರೂ ಯಾವ ಪಕ್ಕದಿಂದಲಾದರೂ ನೋಡಬಹುದು. ಅಜ್ಜಿ ದಿವಾನದ ಮೇಲೆ, ಮಕ್ಕಳು ನೆಲದ ಮೇಲೆ, ಉಳಿದವರು ಊಟದ ಮೇಜಿನಲ್ಲಿ ಕೂತು ನೋಡುವ ಮನೆಗೆ ಐಪಿಎಸ್ ಮೇಲು. ಇಬ್ಬರೇ ಎದುರಿಗೆ ಕೂತು ರಾತ್ರಿ ಸಿನಿಮಾ ನೋಡುವವರಿಗೆ ವಿಎ ಮೇಲು. ಅಂಗಡಿಯಲ್ಲಿ ಟಿವಿಯ ಒಂದು ಪಕ್ಕಕ್ಕೆ ನಾಲ್ಕು ಹೆಜ್ಜೆ ಸರಿದು ನೋಡಿದರೆ ಯಾವುದು ಯಾವುದೆಂದು ತಿಳಿಯುತ್ತದೆ.

ನಂಬಿಕೆ 7: ಸ್ಮಾರ್ಟ್ ಫೀಚರ್ ಹೆಚ್ಚಿದ್ದರೆ ಟಿವಿ ಹೆಚ್ಚು ಕಾಲ ಬಾಳುತ್ತದೆ

ವಾಸ್ತವ: ಮೊದಲು ಹಳತಾಗುವುದೇ ಸ್ಮಾರ್ಟ್ ಭಾಗ. ಪರದೆ ಹತ್ತು ವರ್ಷ ಬಂದರೂ ಆ್ಯಪ್‌ಗಳು ಅಷ್ಟು ದಿನ ಕಾಯುವುದಿಲ್ಲ. 2010 ಮತ್ತು 2011ರ ಕೆಲವು ಸ್ಯಾಮ್‌ಸಂಗ್ ಟಿವಿಗಳಲ್ಲಿ ನೆಟ್‌ಫ್ಲಿಕ್ಸ್ 2019ರ ಡಿಸೆಂಬರಿನಲ್ಲಿ ನಿಂತುಹೋಯಿತು. ಪರದೆಗಳಿಗೆ ಆಗ ಏನೂ ಆಗಿರಲಿಲ್ಲ. ಕಡಿಮೆ ಮೆಮೊರಿಯ ಟಿವಿಗಳು ಮೂರ್ನಾಲ್ಕು ವರ್ಷಕ್ಕೇ ತೆವಳತೊಡಗುತ್ತವೆ.

ಇದು ಹೊರಗಿನಿಂದ ಸೇರಿಸಬಹುದಾದ ಜಾತಿ. ಕೆಲವೇ ಸಾವಿರಕ್ಕೆ ಸಿಗುವ ಸ್ಟ್ರೀಮಿಂಗ್ ಸ್ಟಿಕ್ ಅಥವಾ ಫೈಬರ್ ಸಂಪರ್ಕದ ಜೊತೆ ಬರುವ ಬಾಕ್ಸನ್ನು ಚುಚ್ಚಿದರೆ ಹಳೆಯ ಟಿವಿಯೂ ಹೊಸ ಸ್ಮಾರ್ಟ್ ಟಿವಿಯಾಗುತ್ತದೆ. ಧ್ವನಿಯಲ್ಲೇ ಚಾನೆಲ್ ಹುಡುಕುವುದು, ಮೊಬೈಲ್ ಚಿತ್ರವನ್ನು ಟಿವಿಗೆ ಹಾಕುವುದು ಇವೆಲ್ಲ ಅದರಲ್ಲೇ ಬರುತ್ತವೆ. 120 ಹರ್ಟ್ಸ್ ಪರದೆ ಮಾತ್ರ ಒಳಗಿನ ಗುಣ. ಅದು ವಿಡಿಯೊ ಗೇಮ್ ಆಡುವವರಿಗೆ ಬೇಕು. ಸಿನಿಮಾ ಸೆಕೆಂಡಿಗೆ 24 ಚಿತ್ರಗಳಲ್ಲಿ ಓಡುತ್ತದೆ, ಅದಕ್ಕೂ ನಮ್ಮ ಚಾನೆಲ್‌ಗಳಿಗೂ 60 ಹರ್ಟ್ಸ್ ಸಾಕು.

ನಂಬಿಕೆ 8: ದೊಡ್ಡ ಟಿವಿಯಲ್ಲಿ ಸದ್ದೂ ದೊಡ್ಡದು

ವಾಸ್ತವ: ಟಿವಿ ಅಗಲವಾಗುತ್ತ ತೆಳ್ಳಗಾಯಿತು. ಸ್ಪೀಕರಿಗೆ ಜಾಗ ಕಡಿಮೆಯಾಯಿತು, ಎಷ್ಟೋ ಟಿವಿಗಳಲ್ಲಿ ಅದು ಕೆಳಕ್ಕೆ ಅಥವಾ ಹಿಂದಕ್ಕೆ ಮುಖ ಮಾಡಿರುತ್ತದೆ. ಹಿನ್ನೆಲೆ ಸಂಗೀತ ಕೇಳಿ ಮಾತು ಕೇಳದಿರಲು ಇದೇ ಕಾರಣ. ಧ್ವನಿ ಕೂಡ ಹೊರಗಿನಿಂದ ಸೇರಿಸುವ ಜಾತಿಯೇ. ಟಿವಿಯಲ್ಲಿ ಎಚ್‌ಡಿಎಂಐ ಎಆರ್‌ಸಿ ಎಂದು ಬರೆದ ಕಿಂಡಿ ಇದೆಯೇ ನೋಡಿಕೊಳ್ಳಿ. ಇದ್ದರೆ ಮುಂದೆ ಒಂದು ಸೌಂಡ್‌ಬಾರ್ ಜೋಡಿಸಬಹುದು, ಎರಡಕ್ಕೂ ಒಂದೇ ರಿಮೋಟ್ ಸಾಕಾಗುತ್ತದೆ.

ನಂಬಿಕೆ 9: ದೊಡ್ಡ ಟಿವಿ ಬಂದರೆ ಗೃಹಜ್ಯೋತಿ ಹೋಯಿತು

ವಾಸ್ತವ: 43 ಇಂಚಿನ ಎಲ್ಇಡಿ ಟಿವಿ ಸುಮಾರು 75 ವ್ಯಾಟ್, 55 ಇಂಚಿನದು ಸುಮಾರು 120 ವ್ಯಾಟ್ ಎಂದು ಹಿಡಿಯೋಣ. ದಿನಕ್ಕೆ ಐದು ಗಂಟೆ ನೋಡಿದರೆ ತಿಂಗಳಿಗೆ ಮೊದಲನೆಯದು ಸುಮಾರು 11 ಯೂನಿಟ್, ಎರಡನೆಯದು 18. ಹೆಚ್ಚಾಗುವುದು ಏಳು ಯೂನಿಟ್. ಎರಡು ಕಿಲೋವ್ಯಾಟಿನ ಗೀಸರನ್ನು ದಿನಕ್ಕೆ 20 ನಿಮಿಷ ಹಾಕಿದರೆ ತಿಂಗಳಿಗೆ 20 ಯೂನಿಟ್ ಆಗುತ್ತದೆ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿ ಪ್ರತಿ ಮನೆಗೂ ಅದರದೇ ಹಳೆಯ ಸರಾಸರಿಯ ಮೇಲೆ ಮಿತಿ ನಿಗದಿಯಾಗಿದೆ, ಎಲ್ಲಕ್ಕೂ ಮೇಲ್ಮಿತಿ 200 ಯೂನಿಟ್. ಮಿತಿಯ ಅಂಚಿನಲ್ಲಿರುವ ಮನೆಯವರು ಮಾತ್ರ ತಮ್ಮ ಸೆಸ್ಕ್ ವಿದ್ಯುತ್ ಬಿಲ್ ತೆಗೆದು ನೋಡಿಕೊಂಡರೆ ಸಾಕು. ವಿವಿಡ್ ಮೋಡ್ ಬಿಟ್ಟು ಸಿನಿಮಾ ಮೋಡಿಗೆ ಬದಲಿಸಿದರೆ ಖರ್ಚು ಇಳಿಯುತ್ತದೆ. ಟಿವಿಯ ಮೇಲಿನ ಬಿಇಇ ಸ್ಟಾರ್ ಚೀಟಿಯಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂಬ ಅಂದಾಜು ಇರುತ್ತದೆ, ನಕ್ಷತ್ರಕ್ಕಿಂತ ಆ ಸಂಖ್ಯೆಯನ್ನು ಹೋಲಿಸಿ.

ಹಾಗಾದರೆ ಯಾವುದು?

ಕಣ್ಣಿನಿಂದ ಗೋಡೆಗೆ ಏಳೂವರೆ ಅಡಿಗಿಂತ ಹೆಚ್ಚಿದ್ದು, ಎಚ್‌ಡಿ ಚಾನೆಲ್ ಇಲ್ಲವೇ ಒಟಿಟಿ ನೋಡುವವರು 55 ಇಂಚಿನ ಸಾದಾ ಟಿವಿ ತರಲಿ. ಆ್ಯಪ್, ಧ್ವನಿ, ರಿಮೋಟಿನ ಚಮತ್ಕಾರ ಇವನ್ನು ಮುಂದಿನ ವರ್ಷವೂ ಸೇರಿಸಬಹುದು.

ಆರು ಅಡಿಯೊಳಗೆ ಕೂರುವವರು, ಎಸ್‌ಡಿ ಕೇಬಲ್ಲನ್ನೇ ಮುಂದುವರಿಸುವವರು, ಹಗಲು ಬೆಳಕು ತುಂಬಿದ ಹಾಲ್‌ನಲ್ಲಿ ಮನೆ ಮಂದಿಯೆಲ್ಲ ಪಕ್ಕದಿಂದ ನೋಡುವವರು 43 ಇಂಚಿಗೇ ನಿಲ್ಲಲಿ. ಉಳಿದ ದುಡ್ಡನ್ನು ಹೊಳಪು ಹೆಚ್ಚಿರುವ, ಪಕ್ಕದಿಂದಲೂ ಬಣ್ಣ ಕೆಡದ ಪ್ಯಾನೆಲಿಗೆ ಹಾಕಲಿ. ಅಂಗಡಿಯವರು ಫೀಚರುಗಳ ಪಟ್ಟಿ ಓದತೊಡಗಿದಾಗ ಒಂದೊಂದಕ್ಕೂ ಒಂದೇ ಪ್ರಶ್ನೆ ಕೇಳಿ: ‘ಇದನ್ನು ಆಮೇಲೆ ಹೊರಗಿನಿಂದ ಹಾಕಿಕೊಳ್ಳಬಹುದಾ?’ ಹೌದು ಎಂದರೆ ಅದಕ್ಕೆ ಇಂದು ದುಡ್ಡು ಕೊಡಬೇಕಿಲ್ಲ.